ಹೆಸರು ಹೊಡೆಸಿದ ಸಿಲಿಂಡರು

ನನಗೆ ಅನುಮಾನ ಜಾಸ್ತಿ. ಇದನ್ನು ನಾನು ಎಂದೂ ಮುಚ್ಚಿಟ್ಟುಕೊಂಡವಳಲ್ಲ. ತರಕಾರಿಯವನು ತೂಗುವಾಗ ಎಲ್ಲರೂ ತಕ್ಕಡಿಯ ಮುಳ್ಳನ್ನು ನೋಡಿದರೆ ನಾನು ಅವನ ಕಿರುಬೆರಳನ್ನು ನೋಡುತ್ತೇನೆ. ಹಾಲಿನವನು ನಗುನಗುತ್ತ ಬಂದ ದಿನ ಹಾಲಿಗೆ ಬೆರಳದ್ದಿ ನೋಡದೆ ಒಳಗೆ ಹೋಗುವುದಿಲ್ಲ. ಹುಣಸೂರಿನ ಗ್ಯಾಸ್ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದ ಮೇಲೆ ಈ ಗುಣಕ್ಕೆ ಒಂದು ಕೆಲಸ ಸಿಕ್ಕಿತು, ಅಷ್ಟೇ. ನಮ್ಮದು ಅಡುಗೆ ಗ್ಯಾಸಿನ ಅಂಗಡಿಯಲ್ಲ. ವೆಲ್ಡಿಂಗ್ ಶೆಡ್ಡುಗಳಿಗೆ, ನರ್ಸಿಂಗ್ ಹೋಮುಗಳಿಗೆ, ಉಸಿರಿನ ಕಾಯಿಲೆಯವರ ಮನೆಗಳಿಗೆ ಬೇಕಾಗುವ ಆಕ್ಸಿಜನ್ ಸಿಲಿಂಡರುಗಳ ಅಂಗಡಿ. ಮೈಸೂರಿನ ಪ್ಲಾಂಟಿನಲ್ಲಿ ತುಂಬಿಸಿಕೊಂಡು ಬಂದು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರೆಗೂ ನಮ್ಮ ಮನೆಯವರು ಟೆಂಪೋದಲ್ಲಿ ಹಂಚುತ್ತಿದ್ದರು. ನಾನು ಅಂಗಡಿಯಲ್ಲಿ ಕೂತು ವಾಪಸ್ಸು ಬಂದ ಖಾಲಿ ಸಿಲಿಂಡರುಗಳನ್ನು ನೋಡಿ ಒಳಗೆ ತೆಗೆದುಕೊಳ್ಳುತ್ತಿದ್ದೆ.

ನೋಡುವುದು ಅಂದರೆ ಭುಜ ನೋಡುವುದು. ಸಿಲಿಂಡರಿನ ಕತ್ತಿನ ಕೆಳಗೆ ಇಳಿಜಾರಾಗಿರುವ ಜಾಗಕ್ಕೆ ಭುಜ ಎನ್ನುತ್ತೇವೆ. ಅದರ ಜಾತಕವೆಲ್ಲ ಅಲ್ಲೇ ಇರುತ್ತದೆ. ಮಾಡಿದವರ ಗುರುತು, ನಂಬರು, ಖಾಲಿ ತೂಕ, ಎಷ್ಟು ಒತ್ತಡ ತಡೆಯುತ್ತದೆ, ಒಳಗೆ ನೀರು ತುಂಬಿ ಒತ್ತಿ ಪರೀಕ್ಷೆ ಮಾಡಿದ್ದು ಯಾವ ತಿಂಗಳು, ಯಾವ ಇಸವಿ, ಪರೀಕ್ಷೆ ಮಾಡಿದವರ ಮುದ್ರೆ ಯಾವುದು, ಎಲ್ಲವನ್ನೂ ಉಕ್ಕಿನ ಅಚ್ಚಿನಿಂದ ಹೊಡೆದಿರುತ್ತಾರೆ. ಪರೀಕ್ಷೆಯ ಅವಧಿ ಮುಗಿದಿದ್ದರೆ ಪ್ಲಾಂಟಿನವರು ತುಂಬುವುದಿಲ್ಲ. ಹಾಗಾಗಿ ಕೆಲವು ಖದೀಮರು ಹಳೇ ಇಸವಿಯನ್ನು ಉಜ್ಜಿ, ಹೊಸದು ಹೊಡೆದು, ಮೇಲೆ ದಪ್ಪನಾಗಿ ಬಣ್ಣ ಬಳಿದು ತಂದಿಡುತ್ತಿದ್ದರು. ನಾನು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿಯೇ ಒಳಗೆ ಬಿಡುತ್ತಿದ್ದೆ. ಬೀದಿಯಲ್ಲಿ ನನಗೆ ಏನೇನೋ ಅಡ್ಡಹೆಸರು ಇಟ್ಟಿದ್ದರು. ಇಟ್ಟುಕೊಳ್ಳಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ.

ನಮ್ಮ ವ್ಯಾಪಾರದಲ್ಲಿ ಖಾಲಿಯದನ್ನು ಕೊಟ್ಟು ತುಂಬಿದ್ದನ್ನು ಒಯ್ಯುವ ಪದ್ಧತಿ. ಕೊಟ್ಟ ಸಿಲಿಂಡರೇ ವಾಪಸ್ಸು ಬರುವುದಿಲ್ಲ, ಯಾವುದೋ ಒಂದು ಬರುತ್ತದೆ. ಇದು ನಮ್ಮ ಕಡೆಯ ಜನಕ್ಕೆ ಅರಗುವುದಿಲ್ಲ. ನಮ್ಮಲ್ಲಿ ಚೊಂಬಿನಿಂದ ಹಿಡಿದು ಮದುವೆಯ ಅನ್ನದ ಹಂಡೆಯವರೆಗೆ ಎಲ್ಲದರ ಮೇಲೂ ಹೆಸರು ಇರಬೇಕು. ಇಲ್ಲದಿದ್ದರೆ ಯಾರದೋ ಮನೆಯ ದೇವರ ಕಾರ್ಯಕ್ಕೆ ಕೊಟ್ಟ ಕೊಳದಪ್ಪಲೆ ಇನ್ಯಾರದೋ ಅಟ್ಟ ಸೇರುತ್ತದೆ. ಸಂತೆಯಲ್ಲಿ ಹೆಸರು ಹೊಡೆಯುವವನು ಸಣ್ಣ ಉಳಿ, ಸಣ್ಣ ಸುತ್ತಿಗೆ ಇಟ್ಟುಕೊಂಡು ಕೂತಿರುತ್ತಾನೆ. ಟಕಟಕ ಅಂತ ಚುಕ್ಕಿ ಇಡುತ್ತ ಹೋದರೆ ಮಾತಾಡಿ ಮುಗಿಸುವಷ್ಟರಲ್ಲಿ ಹೆಸರು, ಊರು ಎರಡೂ ಮೂಡಿರುತ್ತವೆ. ಸ್ವಂತಕ್ಕೆ ಸಿಲಿಂಡರು ಕೊಂಡ ರೈತರು, ವೆಲ್ಡಿಂಗಿನವರು ಅದನ್ನೂ ಅವನ ಮುಂದೆ ಉರುಳಿಸಿಕೊಂಡು ಹೋಗುತ್ತಿದ್ದರು.

ಹಂಪಾಪುರದ ವೆಲ್ಡಿಂಗ್ ಶೆಡ್ಡಿನವನೊಬ್ಬ ಹಾಗೆ ಹೊಟ್ಟೆಯ ಮೇಲೆ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಹೊಡೆಸಿಕೊಂಡು ಬಂದಿದ್ದ. ಪರೀಕ್ಷೆಗೆ ಕಳಿಸಿದರೆ ತಿರಸ್ಕಾರವಾಗಿ, ತೂತು ಹೊಡೆಸಿಕೊಂಡು ಗುಜರಿಗೆ ಹೋಯಿತು. ಚೊಂಬಿಗೆ ಹೊಡೆಸುತ್ತೇವೆ, ಇದಕ್ಕೆ ಯಾಕೆ ಬೇಡ ಅಂತ ಅವನು ನನ್ನ ಜೊತೆ ಜಗಳಕ್ಕೆ ಬಿದ್ದ. ಚೊಂಬಿನೊಳಗಿರುವುದು ನೀರು, ಇದರೊಳಗೆ ತುರುಕಿರುವುದು ಹೊರಗೆ ಬರಲು ಒದ್ದಾಡುವ ಗಾಳಿ, ಉಳಿ ಬಿದ್ದ ಜಾಗ ನೋಡಿಕೊಂಡೇ ಅದು ಸೀಳುತ್ತದೆ, ಭುಜ ದಪ್ಪವಾಗಿರುತ್ತದೆಂದೇ ಮುದ್ರೆಯನ್ನು ಅಲ್ಲಿ ಹೊಡೆಯುವುದು ಅಂತೆಲ್ಲ ಬಿಡಿಸಿ ಹೇಳಿದೆ. ಹೊಸದು ಮಾರುವುದಕ್ಕೆ ನಾನು ಹೂಡಿದ ಆಟ ಇದು ಅಂತ ಅವನು ತೀರ್ಮಾನ ಮಾಡಿಕೊಂಡು ಹೋದ. ಅನುಮಾನದಲ್ಲಿ ನಮ್ಮ ಕಡೆಯವರು ನನಗೇನೂ ಕಡಿಮೆಯಿಲ್ಲ.

ಇನ್ನು ನನ್ನ ದೊಡ್ಡವ್ವನ ವಿಷಯ. ಅಂತರಸಂತೆಯ ದೊಡ್ಡವ್ವ ನನ್ನ ಅವ್ವನ ಅಕ್ಕ. ಅಕ್ಕತಂಗಿಯರ ತವರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಊರು. ಹುಡುಗಿಯರಾಗಿದ್ದಾಗ ಇಬ್ಬರೂ ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ, ಒಣಗಿದ ಸೊಪ್ಪನ್ನು ವಿಂಗಡಿಸಿ, ಆ ಹೊಗೆ ದೂಳು ಎರಡನ್ನೂ ಕುಡಿದು ಬೆಳೆದವರು. ಆಮೇಲೆ ಅಕ್ಕನನ್ನು ಕಾಡಂಚಿನ ಅಂತರಸಂತೆಗೂ ತಂಗಿಯನ್ನು ಕೆ.ಆರ್. ನಗರದ ಆಚೆ ಬತ್ತದ ಊರು ಮಿರ್ಲೆಗೂ ಕೊಟ್ಟರು. ಜಿಲ್ಲೆಯ ಒಂದು ತುದಿಗೊಬ್ಬಳು, ಇನ್ನೊಂದು ತುದಿಗೊಬ್ಬಳು. ದೊಡ್ಡವ್ವ ಕೈಲಾಗುವವರೆಗೂ ಊರ ಸಂತೆಯಲ್ಲಿ ಹುರುಳಿ, ಅವರೆಕಾಳು ಮಾರಿದಳು. ಆಮೇಲೆ ಎದೆ ಕೈಕೊಟ್ಟಿತು. ದಿನವೂ ಆಕ್ಸಿಜನ್ ಬೇಕು ಎಂದು ಎಚ್.ಡಿ. ಕೋಟೆಯ ಡಾಕ್ಟರು ಹೇಳಿದಾಗ ನಮ್ಮ ಅಂಗಡಿಯಿಂದಲೇ ಆಳೆತ್ತರದ ಕಬ್ಬಿಣದ ಸಿಲಿಂಡರು ಹೋಗಿ ಅವಳ ಮಂಚದ ಪಕ್ಕದ ಕಂಬಕ್ಕೆ ಸರಪಳಿ ಹಾಕಿಸಿಕೊಂಡು ನಿಂತಿತು. ಮೂಗಿನ ನಳಿಕೆ ಜಗಲಿಯವರೆಗೆ ಬರುತ್ತಿತ್ತು. ಅದರಾಚೆ ಬೀದಿಗೆ ಕಾಲಿಟ್ಟರೆ ಎರಡು ಮನೆ ದಾಟುವಷ್ಟರಲ್ಲಿ ಮುಖ ಕಪ್ಪಿಡುತ್ತಿತ್ತು.

ಅದೇ ವರ್ಷ ಮಿರ್ಲೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಇವಳು ಅಲ್ಲಿಗೆ ಹೋಗುವಂತಿಲ್ಲ, ಅವಳು ಇಲ್ಲಿಗೆ ಬರುವಂತಿಲ್ಲ. ಫೋನಿನಲ್ಲಿ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಸಲ ಮಿರ್ಲೆಗೆ ಹೋಗಿ ತಂಗಿಯ ಪಕ್ಕ ಕೂತು ಬರಬೇಕು ಅನ್ನುವುದೊಂದೇ ದೊಡ್ಡವ್ವನ ಆಸೆ. ಹಿಂದಿನ ಸೀಟು ಕಿತ್ತ ವ್ಯಾನು ತರಿಸಿ ದೊಡ್ಡ ಸಿಲಿಂಡರನ್ನು ಮಲಗಿಸಿಕೊಂಡು ಕರೆದೊಯ್ಯುತ್ತೇನೆ ಅಂದೆ. ಅವಳು ಕಣ್ಣು ಕೆಕ್ಕರಿಸಿದಳು.

"ಸೀಟ್ ಕಿತ್ತಿರೋ ವ್ಯಾನಲ್ಲಿ ಎಣ ಓಯ್ತದೆ ಕಣವ್ವ, ಮನುಷರು ಓಗಕಿಲ್ಲ. ನಾನು ನನ್ ತಂಗಿ ಮನೆಗೆ ಬಸ್ಸಲ್ಲಿ ಓಗಿ, ನನ್ ಕಾಲ್ ಮೇಲೆ ಇಳ್ದು ಒಳೀಕ್ ಓಯ್ತೀನಿ."

ದೊಡ್ಡವ್ವನ ಮಗನನ್ನು ನಾನು ಅಣ್ಣ ಅನ್ನುತ್ತೇನೆ; ಅವನ ಮಗಳು, ದೊಡ್ಡವ್ವನ ಮೊಮ್ಮಗಳು, ಗಲ್ಫಿನಲ್ಲಿ ನರ್ಸು. ಅಜ್ಜಿಯ ಹಟ ಅವಳ ಕಿವಿಗೆ ಬಿತ್ತು. ಅವಳು ಅಲ್ಲಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದಾದ ಅಲ್ಯೂಮಿನಿಯಮ್ಮಿನ ಪುಟ್ಟ ಸಿಲಿಂಡರೊಂದನ್ನು ಕೊಂಡು, ಗಾಳಿ ಪೂರ್ತಿ ಖಾಲಿ ಮಾಡಿಸಿ, ಸಾಮಾನಿನ ಜೊತೆ ಹಡಗಿಗೆ ಹಾಕಿಸಿದಳು. ಅದು ಕೇರಳದಲ್ಲಿ ಇಳಿದು, ಏಜೆಂಟನ ಜೀಪಿನಲ್ಲಿ ಮಾನಂದವಾಡಿ ದಾಟಿ, ಬಾವಲಿ ಚೆಕ್‌ಪೋಸ್ಟಿನಲ್ಲಿ ಇದೇನು ಎತ್ತ ಅಂತ ಕೇಳಿಸಿಕೊಂಡು, ಕಾಡಿನ ದಾರಿಯಲ್ಲಿ ಅಂತರಸಂತೆಗೆ ಬಂತು. ಎರಡು ವರ್ಷದ ಮಗುವಿನಷ್ಟು ಎತ್ತರ, ಬೆಳ್ಳಗೆ ಹೊಳೆಯುತ್ತಿತ್ತು. ದೊಡ್ಡವ್ವ ಅದನ್ನು ಸೊಂಟಕ್ಕೆ ಎತ್ತಿಕೊಂಡು ಜಗಲಿಯಲ್ಲಿ ನಿಂತಳಂತೆ. ಬೀದಿಯವರೆಲ್ಲ ಬಂದು ನೋಡಿದರಂತೆ.

ಸುದ್ದಿ ತಿಳಿದು ನಾನು ಹೋದೆ. ಎಲ್ಲರ ಮುಖದಲ್ಲೂ ಹಬ್ಬದ ಕಳೆ. ನಾನು ಚಪ್ಪಲಿ ಬಿಟ್ಟವಳೇ ನೆಟ್ಟಗೆ ಸಿಲಿಂಡರಿನ ಹತ್ತಿರ ಹೋಗಿ ಭುಜ ಹಿಡಿದು ನೋಡತೊಡಗಿದೆ. ಒಂದು ಲೋಟ ಕಾಫಿ ಕುಡಿದು ಆಮೇಲಾದರೂ ಅನುಮಾನ ಪಡಬಾರದೇ ಅಂತ ಅಣ್ಣ ಮೂತಿ ಊದಿಸಿದ. ಭುಜದ ಮೇಲೆ ಸಾಲು ಸಾಲು ಅಕ್ಷರ, ಅಂಕಿ. ಒಂದು ಸಣ್ಣ ವೃತ್ತದೊಳಗೆ ಇಂಗ್ಲಿಷಿನ ಯು, ಅದರ ಕೆಳಗೆ ಎನ್. ಪಕ್ಕದಲ್ಲಿ ಯಾವುದೋ ದೇಶದ ಗುರುತು, ಯಾರೋ ಪರೀಕ್ಷಕರ ಮುದ್ರೆ. ಇಷ್ಟು ವರ್ಷ ಭುಜ ಓದಿಕೊಂಡು ಬಂದಿದ್ದ ನಾನು ಅಂಥದ್ದನ್ನು ಕಂಡೇ ಇರಲಿಲ್ಲ. ನಮ್ಮ ದೇಶದವರ ಒಪ್ಪಿಗೆ ಸೂಚಿಸುವ ಯಾವ ಮುದ್ರೆಯೂ ಅಲ್ಲಿರಲಿಲ್ಲ. ಏಜೆಂಟ್ ಹಾದಿಯಲ್ಲಿ ಏನಾದರೂ ಅದಲಿಬದಲಿ ಮಾಡಿದನೋ ಅಂತ ಮೊದಲು ಅವನ ಮೇಲೆ ನನ್ನ ಕಣ್ಣು ಹೋಯಿತು. ಮೊಮ್ಮಗಳಿಗೆ ಫೋನು ಹಚ್ಚಿ ನಂಬರು ಓದಿಸಿ ತಾಳೆ ನೋಡಿದೆ. ಅದೇ ಸಿಲಿಂಡರು. ಆದರೂ ಮನಸ್ಸು ಒಪ್ಪಲಿಲ್ಲ.

ಮೈಸೂರಿನ ಪ್ಲಾಂಟಿನ ಸೂಪರ್‌ವೈಸರನ್ನು ಕೇಳಿದೆ. ಆ ವೃತ್ತದ ಗುರುತು ಇದ್ದರೆ ಯಾವ ದೇಶದ ಹಡಗಿನಲ್ಲಿ, ಲಾರಿಯಲ್ಲಿ ಬೇಕಾದರೂ ಸಾಗಿಸಬಹುದು, ಪ್ರಪಂಚದವರೆಲ್ಲ ಸೇರಿ ಮಾಡಿಕೊಂಡ ಗುರುತು ಅದು ಎಂದು ಅವರು ವಿವರಿಸಿದರು. ಆದರೆ ಇಲ್ಲಿ ಗಾಳಿ ತುಂಬಬೇಕಾದರೆ ಗ್ಯಾಸ್ ಸಿಲಿಂಡರುಗಳನ್ನೂ ನೋಡಿಕೊಳ್ಳುವ, ನಾಗಪುರದಲ್ಲಿರುವ ಸ್ಫೋಟಕಗಳ ಕಚೇರಿಯ ಒಪ್ಪಿಗೆ ಬೇಕು, ಅದಿಲ್ಲದೆ ತಾವು ಕೈಯಲ್ಲೂ ಮುಟ್ಟುವುದಿಲ್ಲ ಎಂದರು. ನನಗೆ ಆ ಮಾತು ಸರಿಯೆನಿಸಿತು. ದೊಡ್ಡವ್ವನಿಗೆ ಅದನ್ನು ಹೇಳುವುದೇ ಕಷ್ಟವಾಯಿತು.

"ಸಮುದ್ರನೇ ದಾಟ್ಕಂಡ್ ಬಂದದೆ. ಮೈಸೂರಲ್ಲಿ ಬ್ಯಾಡ ಅಂತಾರಾ?" ಅಂದಳು. ಆಮೇಲೆ ನನ್ನನ್ನೇ ಒಂದು ಥರ ನೋಡಿದಳು. ನಮ್ಮ ಅಂಗಡಿಯ ಸಿಲಿಂಡರಿನ ಬಾಡಿಗೆ ತಪ್ಪಿಹೋಗುತ್ತದೆಂದು ನಾನೇ ಅಡ್ಡಗಾಲು ಹಾಕುತ್ತಿದ್ದೇನೆಯೇ ಅನ್ನುವ ನೋಟ ಅದು. ನನಗೆ ಸಿಟ್ಟು ಬಂತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ.

ಪ್ಲಾಂಟಿನವರ ಮೂಲಕ ನಾಗಪುರಕ್ಕೆ ಅರ್ಜಿ ಹೋಯಿತು. ಮಾಡಿದವರ ಪತ್ರ, ಪರೀಕ್ಷೆಯ ಪತ್ರ, ಹಡಗಿನ ಚೀಟಿ ಎಲ್ಲವನ್ನೂ ಮೊಮ್ಮಗಳು ಕಳಿಸಿದಳು. ಕಾಯುವುದು ಶುರುವಾಯಿತು. ಅರ್ಜಿ ನಿಜವಾಗಿ ಹೋಗಿದೆಯೋ, ಇವರ ಮೇಜಿನಲ್ಲೇ ಕೊಳೆಯುತ್ತಿದೆಯೋ ಅಂತ ನಾನು ಸೂಪರ್‌ವೈಸರರ ಪ್ರಾಣ ತಿಂದೆ. ಮಿರ್ಲೆಗೆ ಹೋದಾಗಲೆಲ್ಲ, ಅಕ್ಕ ಯಾವಾಗ ಬರುತ್ತಾಳೆ ಅಂತ ಅವ್ವ ಕೇಳುತ್ತಿದ್ದಳು. ಅವಳ ಮಾತು ಸಣ್ಣಗಾಗಿತ್ತು. ನಡುನಡುವೆ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಸೊಂಟದ ನೋವು ಸುಸ್ತು ಮಾಡುತ್ತೆ ಕಣವ್ವ ಅನ್ನುತ್ತಿದ್ದಳು. ಪಾಪ, ಮಲಗಿ ಮಲಗಿ ಸೊರಗಿದ್ದಾಳೆ ಅಂದುಕೊಂಡು ಕಾಲಿಗೆ ಎಣ್ಣೆ ಹಚ್ಚಿ ನೀವಿ ಬರುತ್ತಿದ್ದೆ.

ಈ ನಡುವೆ ಪಿರಿಯಾಪಟ್ಟಣದವನೊಬ್ಬ ಅಂಗಡಿಗೆ ಬಂದ. ಹಳೇ ಸಿಲಿಂಡರಿನ ವಾಲ್ವು ರಿಪೇರಿ ಮಾಡಿ ಬಣ್ಣ ಬಳಿದು ಮಾರುವವನು. ಅವನ ಕೈಯಿಂದ ಬಂದ ಸಿಲಿಂಡರನ್ನು ನಾನು ಎರಡು ಸಲ ಕೆರೆದು ನೋಡುತ್ತಿದ್ದೆ. ಬೆಂಚಿನ ಮೇಲೆ ಆರಾಮಾಗಿ ಕೂತು, ಬೆಣ್ಣೆಯಂಥ ದನಿಯಲ್ಲಿ, "ಮುದ್ರೆ ತಾನೇ ಅಕ್ಕಾ? ನಾನೇ ಒಡ್ಕೊಡ್ತೀನಿ ಬುಡಿ. ಆ ಅಚ್ಚೆಲ್ಲ ನಮ್ತಾವೇ ಅವೆ," ಅಂದ.

ನನ್ನ ಕಿವಿ ನೆಟ್ಟಗಾಯಿತು. ಅಂತರಸಂತೆಯ ಸಿಲಿಂಡರಿನ ಸಂಗತಿ ಇವನಿಗೆ ಹೇಗೆ ಗೊತ್ತು? ಅಣ್ಣನೇ ಬಾಯಿಬಿಟ್ಟಿರಬೇಕು. ಅವನನ್ನು ಎಬ್ಬಿಸಿ ಕಳಿಸಿ, ಮಾರನೆಯ ದಿನವೇ ಅಂತರಸಂತೆಗೆ ಹೋಗಿ ಅಣ್ಣನಿಗೆ ಬೆವರಿಳಿಸಿದೆ. ಅವನು ಕೋಟೆಯ ಟೀ ಅಂಗಡಿಯಲ್ಲಿ ಸುಮ್ಮನೆ ಒಂದು ಮಾತು ಕೇಳಿದ್ದನಂತೆ. ಸುಮ್ಮನೆ ಕೇಳಿದರೆ ಆ ಪಿರಿಯಾಪಟ್ಟಣದವನು ಹುಣಸೂರಿನವರೆಗೆ ಬಸ್ ಹತ್ತಿ ಬರುತ್ತಾನಾ? ಸಿಲಿಂಡರನ್ನು ದೊಡ್ಡವ್ವನ ಮಂಚದ ಕೆಳಗೇ ಇಡಬೇಕು, ಯಾರೇ ಬಂದು ಕೇಳಿದರೂ ಕೊಡಕೂಡದು, ಭುಜದ ಮೇಲೆ ಒಂದೇ ಒಂದು ಸುತ್ತಿಗೆ ಏಟು ಬಿದ್ದರೂ ನಾಗಪುರದವರು ಒಪ್ಪುವುದಿಲ್ಲ, ಭುಜ ಮಾತ್ರ ಯಾರೂ ಮುಟ್ಟಬಾರದು ಅಂತ ಬೆರಳು ಎತ್ತಿ ಹೇಳಿದೆ. ಎಂಥ ಮಾತಿಗೂ ತಿರುಗುತ್ತರ ಕೊಡುತ್ತಿದ್ದ ದೊಡ್ಡವ್ವ ಅವತ್ತು, "ಆಯ್ತು ಬುಡು, ಭುಜ ಮುಟ್ಟಕಿಲ್ಲ," ಎಂದು ಸುಮ್ಮನಾದಳು. ಆ ಸುಮ್ಮನಾಗುವಿಕೆ ನನಗೆ ಹಿಡಿಸಲಿಲ್ಲ.

ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಾಗಪುರದ ಉತ್ತರ ಬಂತು. ಮೈಸೂರಿನ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬೇಕು, ಪಾಸಾದರೆ ಅಲ್ಲೇ ನಮ್ಮ ದೇಶದ ಮುದ್ರೆ ಹೊಡೆಯುತ್ತಾರೆ, ಆಮೇಲೆ ತುಂಬಿಸಬಹುದು. ನನಗಾದ ಖುಷಿ ಅಷ್ಟಿಷ್ಟಲ್ಲ. ಮಿರ್ಲೆಗೆ ಫೋನು ಮಾಡಿ, ಅಕ್ಕ ಬರುತ್ತಾಳೆ, ಬಸ್ಸಿನಲ್ಲೇ ಬರುತ್ತಾಳೆ ಅಂತ ಕೂಗಿ ಹೇಳಿದೆ. ಸಿಲಿಂಡರು ತರಲು ಅಂತರಸಂತೆಗೆ ಓಡಿದೆ.

ಹೋಗಿ ನೋಡಿದರೆ ಸಿಲಿಂಡರಿಗೆ ಅಂಗಿ ತೊಡಿಸಿತ್ತು. ದೊಡ್ಡವ್ವ ತನ್ನ ಹಳೇ ನೀಲಿ ಸೀರೆಯನ್ನು ಎರಡು ಪದರ ಮಡಿಸಿ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಇಟ್ಟು, ಸಿಲಿಂಡರಿನ ಮೈಗೆ ಬಿಗಿಯಾಗಿ ಹೊಲಿದುಬಿಟ್ಟಿದ್ದಳು. ಕತ್ತು ಮತ್ತು ಭುಜ ಮಾತ್ರ ಹೊರಗಿದ್ದವು. ಇದೇನು ಅಂದೆ. ಮಳೆಗಾಲ ಅಲ್ಲವೇ, ಅದಕ್ಕೂ ಚಳಿಯಾಗುತ್ತದೆ ಅಂತ ನಕ್ಕಳು. ಪರೀಕ್ಷೆಗೆ ಕೊಡುವಾಗ ಬಿಚ್ಚಬೇಕಾಗುತ್ತೆ ಅಂದೆ. ನಗು ನಿಂತಿತು.

"ನೀ ಬಿಚ್ಬ್ಯಾಡ ಕಣವ್ವ. ಅವ್ರು ಬಿಚ್ಕಳ್ಳಿ. ತಿರ್ಗಾ ಅಂಗೇ ಒಲ್ದು ತಂದ್ಕೊಡು," ಅಂದಳು.

ನನ್ನ ಅನುಮಾನವೆಲ್ಲ ಎದ್ದು ಕೂತಿತು. ಭುಜ ನೋಡಿದೆ, ಒಂದು ಗೆರೆಯೂ ಹೊಸದಿರಲಿಲ್ಲ. ಅಣ್ಣನ ಕಡೆ ತಿರುಗಿದೆ. ಅವನು ಎಮ್ಮೆ ಕಟ್ಟುವ ನೆಪ ಹೇಳಿ ಕೊಟ್ಟಿಗೆಗೆ ಹೋದ. ಬಸ್ಸಿನಲ್ಲಿ ಸಿಲಿಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬಟ್ಟೆಯ ಮೇಲೆ ಕೈಯಾಡಿಸುತ್ತಿದ್ದರೆ ಒಂದು ಕಡೆ ಬೆರಳಿಗೆ ಏನೋ ತರಿತರಿಯಾಗಿ ತಾಗಿತು. ಪಿರಿಯಾಪಟ್ಟಣದವನು ಇಲ್ಲೇನೋ ಕೈಚಳಕ ತೋರಿಸಿದ್ದಾನೆ, ಅಮ್ಮ ಮಗ ಸೇರಿ ನನ್ನಿಂದ ಮುಚ್ಚಿಟ್ಟಿದ್ದಾರೆ ಅಂತ ಖಾತ್ರಿಯಾಯಿತು. ಕೋಟೆ ದಾಟಿ ಹುಣಸೂರು ಬರುವವರೆಗೂ ಮನಸ್ಸಿನಲ್ಲೇ ಇಬ್ಬರಿಗೂ ಬೈದೆ.

ಅಂಗಡಿಗೆ ಬಂದು ಮೊದಲು ಮಾಡಿದ ಕೆಲಸ ಬ್ಲೇಡು ತಗೊಂಡು ಹೊಲಿಗೆ ಬಿಚ್ಚಿದ್ದು. ಬಟ್ಟೆ ಜಾರಿತು. ಸಿಲಿಂಡರಿನ ಹೊಟ್ಟೆಯ ಮೇಲೆ, ನಡುಮಧ್ಯದಲ್ಲಿ, ಚೊಂಬಿನ ಮೇಲೆ ಇರುವ ಹಾಗೆಯೇ ಚುಕ್ಕಿ ಚುಕ್ಕಿಯ ಕನ್ನಡ ಅಕ್ಷರ. ಸಂತೆಯವನ ಉಳಿ. ಅಲ್ಯೂಮಿನಿಯಮ್ಮು ಮೆತ್ತಗಿನ ಲೋಹ, ಒಂದೊಂದು ಚುಕ್ಕಿಯೂ ಆಳಕ್ಕೆ ಇಳಿದಿತ್ತು. ಅಯ್ಯೋ ನನ್ನ ಕರ್ಮವೇ, ಹಂಪಾಪುರದವನಿಗೆ ಬಡಿದುಕೊಂಡು ಹೇಳಿದ್ದನ್ನು ನಮ್ಮ ಮನೆಯವಳಿಗೆ ಹೇಳಲಿಲ್ಲವಲ್ಲ ಅಂತ ತಲೆ ಮೇಲೆ ಕೈಹೊತ್ತು ಕೂತೆ. ನಮ್ಮ ಅಂಗಡಿಯಲ್ಲಿ ಯಾರಾದರೂ ಬದಲಾಯಿಸಿಬಿಟ್ಟಾರೆಂದು ಮುದುಕಿ ತನ್ನ ಹೆಸರು ಹೊಡೆಸಿದ್ದಾಳೆ ಅಂದುಕೊಂಡು, ಬಗ್ಗಿ ಓದಿದೆ.

ಅವಳ ಹೆಸರಾಗಿರಲಿಲ್ಲ. ನನ್ನ ಅವ್ವನ ಹೆಸರಿತ್ತು. ಕೆಳಗೆ, ಮಿರ್ಲೆ ಅಂತ ಇತ್ತು.

ಅವ್ವನ ಹೆಸರು ಯಾಕೆ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅವ್ವನಿಗೆ ಬೇಕಾಗಿದ್ದು ಊರುಗೋಲು, ಆಕ್ಸಿಜನ್ ಅಲ್ಲ. ಪಿರಿಯಾಪಟ್ಟಣದವನ ನೆನಪು ಬಂತು. ಅವನ ಹತ್ತಿರ ಕೊಟ್ಟರೆ ಅರ್ಧ ಗಂಟೆಯಲ್ಲಿ ಅರದಿಂದ ಉಜ್ಜಿ, ಪಾಲಿಶ್ ಹೊಡೆದು, ಇದ್ದದ್ದೇ ಗೊತ್ತಾಗದ ಹಾಗೆ ಮಾಡಿಕೊಡುತ್ತಾನೆ. ಇಷ್ಟು ದಿನ ಯಾರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದ್ದೆನೋ ಅವನ ಫೋನ್ ನಂಬರನ್ನೇ ಹುಡುಕತೊಡಗಿದೆ. ನಮ್ಮ ಮನೆಯವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಉಜ್ಜಿದರೆ ಆ ಜಾಗ ಇನ್ನೂ ತೆಳುವಾಗುತ್ತದಲ್ಲ ಅಂತಷ್ಟೇ ಅಂದರು. ತುಂಬಿದ ಬಸ್ಸು, ದೊಡ್ಡವ್ವನ ತೊಡೆಯ ಮೇಲೆ ಆ ಸಿಲಿಂಡರು, ಪಕ್ಕದಲ್ಲಿ ಯಾರದೋ ಮಕ್ಕಳು. ಅದು ಕಣ್ಣಿಗೆ ಕಟ್ಟಿದ ಮೇಲೆ ನಂಬರು ಹುಡುಕುವುದನ್ನು ಬಿಟ್ಟೆ.

ಮೈಸೂರಿಗೆ ನಾನೇ ಒಯ್ದೆ. ಪರೀಕ್ಷಾ ಕೇಂದ್ರದವರು ಭುಜ ನೋಡಿ, ಕಾಗದ ನೋಡಿ, ಎಲ್ಲ ಸರಿಯಿದೆ ಅಂತ ತಲೆಯಾಡಿಸಿ, ಸಿಲಿಂಡರನ್ನು ತಿರುಗಿಸಿದರು. ಅವರ ಹೆಬ್ಬೆರಳು ಆ ಚುಕ್ಕಿಗಳ ಮೇಲೆ ನಿಂತಿತು. ಇದು ಯಾರ ಹೆಸರು ಅಂತ ಕೇಳಿದರು. ನಮ್ಮ ಅವ್ವಂದು ಅಂದೆ. ಅವರು ಬೈಯಲಿಲ್ಲ. ಇಂಥದ್ದನ್ನು ಒತ್ತಡಕ್ಕೆ ಒಡ್ಡುವುದೇ ಇಲ್ಲಮ್ಮ, ನೇರ ತಿರಸ್ಕಾರ ಅಂದರು. ಅವರ ನಿಯಮದ ಪ್ರಕಾರ ಮತ್ತೆ ಯಾರೂ ತುಂಬಿಸದ ಹಾಗೆ ಅದಕ್ಕೆ ತೂತು ಹೊಡೆಯಬೇಕು. ನಾನು ಹೊರಗೆ ಬಂದು ನಿಂತೆ. ಡ್ರಿಲ್ಲಿನ ಸದ್ದು ಹೊರಗೂ ಕೇಳುತ್ತಿತ್ತು. ಸಮುದ್ರ ದಾಟಿ ಬಂದಿದ್ದು, ನಾಗಪುರದವರು ಒಪ್ಪಿದ್ದು, ಸಂತೆಯ ಸುತ್ತಿಗೆಗೆ ಹೋಯಿತು.

ಅಂತರಸಂತೆಗೆ ನೀಲಿ ಸೀರೆಯ ಅಂಗಿಯನ್ನು ಮಾತ್ರ ತೆಗೆದುಕೊಂಡು ಹೋದೆ. ಬಯ್ಯಬೇಕೆಂದೇ ಹೋಗಿದ್ದೆ. ದೊಡ್ಡವ್ವ ಮಂಚದ ಮೇಲೆ ಕೂತು ನನ್ನ ಬರಿಗೈಯನ್ನೂ ಮಡಿಸಿದ ಬಟ್ಟೆಯನ್ನೂ ನೋಡಿದಳು. ಅವಳಿಗೆ ಏನೂ ಹೇಳಬೇಕಾಗಲಿಲ್ಲ.

"ಭುಜ ಮುಟ್ಟಿರ್ನಿಲ್ಲ ಕಣವ್ವ. ನೀ ಯೋಳ್ದಂಗೇ ಮಾಡಿದ್ದೆ," ಅಂದಳು.

ಬೈಯುವುದನ್ನು ಬಿಟ್ಟು ಅವಳ ಪಕ್ಕ ಕೂತೆ. ಉಳಿ ಬಿದ್ದರೆ ಏನಾಗುತ್ತದೆ ಅಂತ ಮೆಲ್ಲಗೆ ಹೇಳಿದೆ. ಸವೆದು ಹೋಗದಿರಲಿ, ಆಳಕ್ಕೆ ಹೊಡಿ ಅಂತ, ಜಗಲಿಗೇ ಕರೆಸಿದ್ದ ಸಂತೆಯವನಿಗೆ ತಾನೇ ಹೇಳಿದ್ದಳಂತೆ. ನಾನು ಅವ್ವನ ಹೆಸರು ಯಾಕೆ ಅಂತ ಕೇಳಿದೆ. ಅವಳು ಅಣ್ಣ ಹೊರಗೆ ಹೋಗುವವರೆಗೂ ಕಾದಳು.

"ನಾನಿನ್ನೆಷ್ಟ್ ದಿನ ಇದ್ದೇನು? ನಾನ್ ಓದ್ ಮ್ಯಾಲೆ ಇವ್ನು ಮಾರ್ಕತಾನೆ. ಇಲ್ಲ ನಿಮ್ ಅಂಗಡೀಲಿ ಯಾವುದ್ಕೋ ಬದ್ಲಾಯ್ತದೆ. ಅವಳ್ ಎಸ್ರಿದ್ರೆ ಅವಳ್ಗೇ ಸೇರ್ತದೆ ಅಂತ."

"ಅವ್ವಂಗ್ಯಾಕೆ ದೊಡ್ಡವ್ವ ಆಕ್ಸಿಜನ್ನು? ಅವಳ್ದು ಸೊಂಟ ತಾನೇ?"

"ಫೋನಲ್ಲಿ ಅವಳ್ ಕೆಮ್ಮು ನೀ ಕೇಳಿಲ್ವಾ ಮಗ? ಎಲ್ಡ್ ಮಾತಿಗೊಂದ್ಸಲ ಉಸುರ್ ಎಳ್ಕತಾಳೆ. ನಂಗೂ ಅಂಗೇ ಸುರುವಾಗಿದ್ದು. ಒಂದೇ ಬ್ಯಾರನ್ ಹೊಗೆ ಕಣವ್ವ ಇಬ್ರೂ ಕುಡ್ದಿರೋದು."

ಮಾತಿನ ನಡುವೆ ನಿಲ್ಲಿಸುವ ಅವ್ವ, ಸೊಂಟದ ನೋವು ಅನ್ನುವ ಅವ್ವ. ಏಜೆಂಟ್, ಅಣ್ಣ, ಸೂಪರ್‌ವೈಸರ್, ಪಿರಿಯಾಪಟ್ಟಣದವನು, ಕೊನೆಗೆ ಈ ದೊಡ್ಡವ್ವ, ಎಲ್ಲರನ್ನೂ ಕೆರೆದು ನೋಡಿದ್ದೆ. ಅವ್ವನ ಮಾತನ್ನು ಮಾತ್ರ ಹಾಗೇ ನಂಬಿದ್ದೆ. ಅಲ್ಲಿಯೇ ಕೂತು ಅತ್ತೆ. ದೊಡ್ಡವ್ವ ನನ್ನ ಕೈಯಿಂದ ನೀಲಿ ಬಟ್ಟೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅದರ ಮಡಿಕೆ ನೀವುತ್ತ ಅಂದಳು:

"ಆ ವ್ಯಾನ್ ತರ್ಸು."

ಹಿಂದಿನ ಸೀಟು ಕಿತ್ತ ವ್ಯಾನು ಬಂತು. ದೊಡ್ಡ ಸಿಲಿಂಡರನ್ನು ಉದ್ದಕ್ಕೆ ಮಲಗಿಸಿ, ಹಗ್ಗ ಬಿಗಿದು, ಪಕ್ಕದಲ್ಲಿ ಹಾಸಿಗೆ ಹಾಕಿದೆವು. ದೊಡ್ಡವ್ವ ಹೊಸ ಸೀರೆ ಉಟ್ಟಿದ್ದಳು. ಬೀದಿಯವರೆಲ್ಲ ನೋಡುತ್ತಿದ್ದಾಗ ತಲೆ ತಗ್ಗಿಸಿ ಹತ್ತಿದಳು. ಊರು ದಾಟುವವರೆಗೂ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಇದ್ದಳು. ಆಮೇಲೆ ಸೆರಗು ಸರಿಸಿ ಹೊಲಗಳನ್ನು ನೋಡತೊಡಗಿದಳು. ಹುಣಸೂರಿನಲ್ಲಿ ಎಳನೀರು ಬೇಕೆಂದಳು. ಕೆ.ಆರ್. ನಗರ ಕಳೆದ ಮೇಲೆ ನಾಲೆಯ ನೀರು ಕಂಡಾಗ, ತಂಗಿಯನ್ನು ಒಳ್ಳೆ ಕಡೆಗೇ ಕೊಟ್ಟರು ಅಂತ ಹಳೇ ಹೊಟ್ಟೆಕಿಚ್ಚನ್ನು ಬಾಯಿಬಿಟ್ಟೇ ಹೇಳಿ ನಕ್ಕಳು.

ಮಿರ್ಲೆಯಲ್ಲಿ ಇಬ್ಬರು ಗಂಡಸರು ಸಿಲಿಂಡರು ಹೊತ್ತು ಮುಂದೆ ನಡೆದರು. ನಳಿಕೆಯ ಉದ್ದದಷ್ಟು ಹಿಂದೆ ದೊಡ್ಡವ್ವ ತನ್ನ ಕಾಲ ಮೇಲೇ ನಡೆದು ಒಳಗೆ ಹೋದಳು. ಅವ್ವನ ಮಂಚದ ಅಂಚಿಗೆ ಕೂತು ಕೈ ಹಿಡಿದುಕೊಂಡಳು. ನಾನು ಸಿಲಿಂಡರನ್ನು ನಿಲ್ಲಿಸಿ, ಕಂಬಕ್ಕೆ ಸರಪಳಿ ಹಾಕಿ, ವಾಲ್ವು ನೋಡುತ್ತಿದ್ದೆ. ಅವ್ವ ಮಲಗಿದಲ್ಲಿಂದಲೇ ಕೈ ಚಾಚಿ ಆ ಕಬ್ಬಿಣದ ಹೊಟ್ಟೆಯನ್ನು ಮುಟ್ಟಿ ನೋಡಿದಳು.

"ಇದುಕ್ಕೆ ಎಸ್ರು ಒಡ್ಸಿಲ್ವಲ್ಲಕ್ಕ. ಯಾರಾರ ಬದ್ಲಾಯಿಸ್ಕಂಡ್ರೆ?" ಅಂದಳು.

ದೊಡ್ಡವ್ವ ನನ್ನ ಕಡೆ ಒಮ್ಮೆ ನೋಡಿದಳು.

"ಒಡ್ಸಂಗಿಲ್ಲ ಅಂತಾಳೆ ನಿನ್ ಮಗ್ಳು. ಅವಳ್ಗೆ ಎಲ್ಲಾದ್ರ ಮೇಲೂ ಅನ್ಮಾನ."

ಅವ್ವ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಓಡಿ ಹೋಗಿ ಬೆನ್ನಿಗೆ ದಿಂಬು ಕೊಟ್ಟೆ. ಅವಳ ತುಟಿ ನೀಲಿಗಟ್ಟಿದ್ದು ಅವತ್ತು ಕಂಡಿತು. ದೊಡ್ಡವ್ವ ತನ್ನ ಮೂಗಿನ ನಳಿಕೆ ತೆಗೆದು, ಸೆರಗಿನಿಂದ ಒರೆಸಿ, ತಂಗಿಯ ಮೂಗಿಗೆ ಹಿಡಿದಳು. ಅವ್ವ ಬೇಡ ಅನ್ನಲಿಲ್ಲ.